ಸಿಸ್ಟರ್‌ಗೂ ಬ್ರದರ್‌ಗೂ ಒಂದು ಲ್ಯಾಟರಲ್ ಎಂಟ್ರಿ

108ಕ್ಕೆ ಫೋನ್ ಮಾಡಿದಾಗ ಬರುವ ಗಾಡಿಯ ಹಿಂಬದಿಯಲ್ಲಿ ಕೂತಿರೋರು ಯಾರು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ‘ಆಂಬುಲೆನ್ಸ್‌ನೋರು’ ಅಂದು ನಾವು ಸುಮ್ಮನಾಗ್ತೀವಿ. ಕರ್ನಾಟಕದಲ್ಲಿ ಈ ಸೇವೆ ‘ಆರೋಗ್ಯ ಕವಚ’ ಅನ್ನೋ ಹೆಸರಲ್ಲಿ ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಆ ಗಾಡಿಗಳಲ್ಲಿ ದುಡಿಯುವವರಲ್ಲಿ ನರ್ಸಿಂಗ್ ಓದಿದವರು ಬಹಳ ಮಂದಿ. ಓದಿದ್ದು ವಾರ್ಡಿಗೆ, ಕೆಲಸ ರಸ್ತೆಯಲ್ಲಿ. ಇವೆರಡರ ನಡುವೆ ಗಟ್ಟಿಯಾದ ಒಂದು ಬ್ರಿಡ್ಜ್ ಕೋರ್ಸ್ ಬೇಕು, ಅದನ್ನು ದಾಟಿದವರನ್ನು ಪ್ಯಾರಾಮೆಡಿಕ್ ಅಂತಲೇ ಕರೆಯಬೇಕು. ಇದು ನನ್ನ ವಾದ.

‘ನರ್ಸ್ ಅಲ್ವಾ, ಎಲ್ಲಾ ಗೊತ್ತಿರುತ್ತೆ’ ಅನ್ನೋರಿದ್ದಾರೆ. ಇಲ್ಲ ಸ್ವಾಮಿ. ಡ್ರಿಪ್ ಹಾಕೋದು, ಔಷಧಿಯ ಅಳತೆ, ನಾಡಿ, ಉಸಿರು ಎಲ್ಲಾ ಗೊತ್ತು. ಆದರೆ ಮಗುಚಿದ ಟೆಂಪೋ ಸುತ್ತ ಐದು ಜನ ಬಿದ್ದಿದ್ದಾರೆ, ಮಳೆ ಸುರೀತಿದೆ. ಮೊದಲು ಯಾರ ಹತ್ತಿರ ಹೋಗಬೇಕು? ಕತ್ತು ಅಲುಗದ ಹಾಗೆ ಹೆಲ್ಮೆಟ್ ತೆಗೆಯೋದು ಹೇಗೆ? ಕರೆಂಟ್ ವೈರ್ ಹರಿದು ಬಿದ್ದಿರೋ ಕಡೆ ಕಾಲಿಡಬಹುದಾ? ವಾರ್ಡಿನಲ್ಲಿ ಕೂಗಿದರೆ ಡಾಕ್ಟರ್ ಬರ್ತಾರೆ. ಇಲ್ಲಿ ಡಾಕ್ಟರ್ ಅಂದ್ರೆ ಹೆಚ್ಚೆಂದರೆ ಫೋನಿನಲ್ಲಿ ಬರುವ ಒಂದು ದನಿ.

ಇನ್ನು ಕೆಲವರು, ‘ಹಾಗಾದ್ರೆ ಮೊದಲಿಂದ ಓದಲಿ’ ಅಂತಾರೆ. ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಇಷ್ಟು ಓದಿದವರನ್ನು ಮತ್ತೆ ಅನಾಟಮಿಯ ಮೊದಲ ಪಾಠಕ್ಕೆ ಕೂರಿಸಬೇಕಾ? ನಮ್ಮಲ್ಲೇ ಎಷ್ಟೋ ಜನ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದವರಿದ್ದಾರೆ. ಅವರನ್ನು ಯಾರೂ ಅರೆಬರೆ ಇಂಜಿನಿಯರ್ ಅನ್ನಲ್ಲ. ಸರ್ಕಾರವೇ ನರ್ಸ್‌ಗಳಿಗೆ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಕೊಟ್ಟು ಸಮುದಾಯ ಆರೋಗ್ಯ ಅಧಿಕಾರಿಗಳನ್ನಾಗಿ ಹಳ್ಳಿಗಳಿಗೆ ಕಳಿಸಿದೆ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಸರಿಯಾದ ದಾರಿ ಹೆದ್ದಾರಿಗೆ ಯಾಕೆ ಸರಿಯಲ್ಲ?

ಹಾಗಂತ ವೀಕೆಂಡ್ ಸರ್ಟಿಫಿಕೇಟ್‌ಗೆ ನನ್ನ ಓಟಿಲ್ಲ. ಬ್ರಿಡ್ಜ್ ಅಂದರೆ ಶಾರ್ಟ್‌ಕಟ್ ಅಲ್ಲ. ಗೊತ್ತಿರೋದನ್ನು ಬಿಟ್ಟು, ಗೊತ್ತಿಲ್ಲದ್ದನ್ನು ಪೂರ್ತಿ ಕಲಿಸಬೇಕು: ಉಸಿರಿನ ದಾರಿ ಕಾಪಾಡೋದು, ಗಾಯಾಳುಗಳನ್ನು ವಿಂಗಡಿಸೋದು, ಓಡುವ ಗಾಡಿಯಲ್ಲಿ ಹೆರಿಗೆ, ಇಕ್ಕಟ್ಟಿನ ಮೆಟ್ಟಿಲಲ್ಲಿ ಸ್ಟ್ರೆಚರ್ ಇಳಿಸೋದು. ಅನುಭವಿಯೊಬ್ಬರ ಜೊತೆ ನೂರಾರು ಗಂಟೆ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡಬೇಕು. ಕೊನೆಗೆ, ಫೇಲ್ ಆಗಬಹುದಾದ ಪರೀಕ್ಷೆ ಇರಬೇಕು. 2021ರಲ್ಲಿ ಬಂದ ಕೇಂದ್ರದ ಕಾನೂನು ಪ್ಯಾರಾಮೆಡಿಕ್‌ಗಳನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ಕಲಿತವರಿಗೆ ಅದಕ್ಕೆ ತಕ್ಕ ಸಂಬಳ ಬೇಕು, ಯಾವ ಚಿಕಿತ್ಸೆ ತಾವೇ ಕೊಡಬಹುದು ಅನ್ನೋ ಲಿಖಿತ ಅಧಿಕಾರ ಬೇಕು. ಇಲ್ಲದಿದ್ದರೆ ಅದು ಆಚೆ ದಡವಿಲ್ಲದ ಸೇತುವೆ.

‘ವಾರ್ಡಿಗೇ ನರ್ಸ್‌ಗಳಿಲ್ಲ, ಇವರನ್ನೂ ಕಳಿಸಿದ್ರೆ?’ ಅನ್ನೋದು ನ್ಯಾಯವಾದ ಪ್ರಶ್ನೆ. ಆದರೆ ಅವರು ಈಗಾಗಲೇ ಹೋಗ್ತಿದ್ದಾರೆ, ಕೊಲ್ಲಿ ದೇಶಗಳಿಗೆ, ಬ್ರಿಟನ್‌ಗೆ. ಇಲ್ಲಿ ಮೇಲೆ ಹತ್ತಲು ಮೆಟ್ಟಿಲಿಲ್ಲದಿದ್ದರೆ ಜನ ವಿಮಾನ ಹತ್ತುತ್ತಾರೆ.

2016ರಲ್ಲಿ ನೆಲಮಂಗಲದ ಹತ್ತಿರ ಅಪಘಾತದಲ್ಲಿ ತೀರಿಕೊಂಡ ಹರೀಶ್ ಹೆಸರಲ್ಲಿ ರಾಜ್ಯ ಸರ್ಕಾರ ಒಂದು ಯೋಜನೆ ತಂತು. ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೂ ನೆರವು. ಒಳ್ಳೆಯದೇ. ಆದರೆ ಆಸ್ಪತ್ರೆಯ ಬಾಗಿಲು ಮುಟ್ಟೋ ತನಕ ಜೀವ ಉಳಿಯಬೇಕಲ್ಲ? ಆ ಹೊತ್ತು ನಿಂತಿರೋದು ಒಬ್ಬ ಸಿಸ್ಟರ್ ಅಥವಾ ಬ್ರದರ್ ಮೇಲೆ.

ನಿಮ್ಮ ಆಫೀಸಿಗೋ ಅಪಾರ್ಟ್‌ಮೆಂಟಿಗೋ ಆಂಬುಲೆನ್ಸ್ ಒಪ್ಪಂದ ಇರಬಹುದು. ನಾಳೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: ಗಾಡಿಯ ಹಿಂದೆ ಯಾರು ಕೂತಿರ್ತಾರೆ, ಅವರು ಏನು ಕಲಿತಿದ್ದಾರೆ? ಉತ್ತರ ‘ಡ್ರೈವರ್ ಒಬ್ಬರೇ’ ಅಂತ ಬಂದರೆ, ನೀವು ದುಡ್ಡು ಕೊಡ್ತಿರೋದು ಸೈರನ್ ಇರೋ ಟ್ಯಾಕ್ಸಿಗೆ.