ಹಿಟ್ಟಿನ ಹುಳುವಿಗೂ ಒಂದು ಮನೆ

ಹುಳು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಗೃಹಿಣಿಯರು ಹುಬ್ಬು ಗಂಟಿಕ್ಕುವುದು ಸಹಜ. ರವೆಯ ಡಬ್ಬಿಯಲ್ಲಿ ಒಂದು ಹುಳು ಕಂಡರೆ ಸಾಕು, ಮನೆಯೆಲ್ಲ ಅಲ್ಲೋಲಕಲ್ಲೋಲ. ಜರಡಿ ಬರುತ್ತದೆ, ಮೊರ ಬರುತ್ತದೆ, ಮಹಡಿಯ ಬಿಸಿಲಿನಲ್ಲಿ ಹಳೆಯ ಸೀರೆ ಹಾಸಿ ರವೆಯನ್ನು ಹರಡುತ್ತಾರೆ. ದಿನಸಿ ಅಂಗಡಿಯವನ ಪ್ರಾಮಾಣಿಕತೆಯನ್ನು ಕುರಿತು ಒಂದು ಸಣ್ಣ ಭಾಷಣವೂ ಆಗುತ್ತದೆ. ಅಂಥ ಹುಳುವನ್ನು ದುಡ್ಡು ಕೊಟ್ಟು ತಂದು, ಡಬ್ಬಿಯಲ್ಲಿಟ್ಟು, ಮೇವು ಹಾಕಿ ಸಾಕಬೇಕೆಂದು ಯಾರಾದರೂ ಹೇಳಿದರೆ ಅವರ ಬುದ್ಧಿಸ್ವಾಸ್ಥ್ಯವನ್ನೇ ಶಂಕಿಸಬೇಕಾದೀತು. ಆದರೂ ಈ ವಾರ ನಾನು ಹೇಳಹೊರಟಿರುವುದು ಅದನ್ನೇ. ವಾಚಕರು ಪುಟ ಮಗುಚಿ ಧಾರಾವಾಹಿಗೆ ಹಾರುವ ಮುನ್ನ ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕೆಂದು ನನ್ನ ವಿನಂತಿ.

ಹುಳುವಿನ ಹೆಸರು ಕೇಳಿ ಅಸಹ್ಯಪಡುವ ಹಕ್ಕು ಬೇರೆ ಯಾವ ಸೀಮೆಯವರಿಗೆ ಇದ್ದರೂ ನಮ್ಮ ಕೋಲಾರದ ಕಡೆಯವರಿಗೆ ಇಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹುಳು ಎಂದರೆ ರೇಷ್ಮೆಹುಳುವೇ. “ಹುಳ ಇಟ್ಟಿದ್ದೀವಿ” ಎಂದರೆ ಆ ತಿಂಗಳು ಮದುವೆಗೆ ಕರೆಯಬೇಡಿ, ಬರಲಾಗುವುದಿಲ್ಲ ಎಂದರ್ಥ. ಟಿಪ್ಪು ಸುಲ್ತಾನನು 1780ರ ದಶಕದಲ್ಲಿ ಬಂಗಾಳಕ್ಕೆ ಜನರನ್ನು ಕಳುಹಿಸಿ ರೇಷ್ಮೆಹುಳುವನ್ನು ಮೈಸೂರು ಸೀಮೆಗೆ ತರಿಸಿದನೆಂಬುದು ಚರಿತ್ರೆ. ಅಂದು ಬಂದ ಅತಿಥಿ ಈ ಸೀಮೆಯಲ್ಲಿ ಮನೆಮಗನಾಗಿಬಿಟ್ಟಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಗೂಡಿನ ಮಾರುಕಟ್ಟೆಗೆ ಪ್ರಸಿದ್ಧವಾದ ಶಿಡ್ಲಘಟ್ಟವೂ ಕೋಲಾರ ಜಿಲ್ಲೆಗೇ ಸೇರಿತ್ತು.

ರೇಷ್ಮೆಹುಳುವಿನ ಆರೈಕೆ ಬಾಣಂತಿಯ ಆರೈಕೆಗಿಂತ ಸೂಕ್ಷ್ಮವಾದುದು. ಮೊಟ್ಟೆಯೊಡೆದ ಮರಿ ಸುಮಾರು ಇಪ್ಪತ್ತೈದು ದಿನಗಳಲ್ಲಿ ತನ್ನ ತೂಕವನ್ನು ಹತ್ತುಸಾವಿರ ಪಾಲು ಹೆಚ್ಚಿಸಿಕೊಳ್ಳುತ್ತದೆ. ನಡುವೆ ನಾಲ್ಕು ಬಾರಿ ಮೇವು ಬಿಟ್ಟು, ತಲೆಯೆತ್ತಿ ನಿಶ್ಚಲವಾಗಿ ಕುಳಿತು, ಚರ್ಮ ಕಳಚುತ್ತದೆ. ಇದನ್ನು ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಎಂಥ ಮಾತು ನೋಡಿ! ಮಗುವಿಗೆ ಜ್ವರ ಬಂದಾಗ ಮನೆ ಹೇಗೆ ಸದ್ದಡಗಿ ಇರುತ್ತದೆಯೋ ಹುಳುವಿಗೆ ಜ್ವರ ಬಂದಾಗಲೂ ಹಾಗೆಯೇ. ಸೊಪ್ಪು ನಿಲ್ಲಿಸುತ್ತಾರೆ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಕಾಲು ತೊಳೆಯದೆ ಒಳಗೆ ಬರುವಂತಿಲ್ಲ. ಹೊಗೆಸೊಪ್ಪಿನ ಘಾಟು ಸುಳಿಯುವಂತಿಲ್ಲ. ಹುಳು ಹಣ್ಣಾದ ಮೇಲೆ ಅದನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ನೂರು ಚಿಟ್ಟೆಗಳ ಮೊಟ್ಟೆಯಿಂದ ಹುಟ್ಟುವ ನಲವತ್ತು ಐವತ್ತು ಸಾವಿರ ಹುಳುಗಳಿಗೆ ಹೆಚ್ಚುಕಡಿಮೆ ಒಂದು ಟನ್ ಹಿಪ್ಪುನೇರಳೆ ಸೊಪ್ಪು ಬೇಕು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ಒಂದೆಡೆ, ಮಳೆಯ ಅಭಾವ ಒಂದೆಡೆ, ದರದ ಏರಿಳಿತ ಒಂದೆಡೆ. ಇಷ್ಟರ ನಡುವೆಯೂ ಹುಳುವಿನ ಮನೆಯ ದೀಪ ಆರಿಲ್ಲ.

ಇನ್ನೊಂದು ಲೆಕ್ಕವನ್ನು ಹೇಳಬೇಕು. ಹಸಿ ಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗಿನ ಕೋಶದ್ದೇ. ರೇಷ್ಮೆಯ ಪದರ ಉಳಿದ ಒಂದು ಪಾಲು. ನಾವು ಜರಿಯಂಚಿನ ಸೀರೆಯನ್ನು ಕೊಂಡಾಡುತ್ತೇವೆಯೇ ಹೊರತು ಆ ನಾಲ್ಕು ಪಾಲು ಏನಾಯಿತೆಂದು ಕೇಳುವುದಿಲ್ಲ. ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದಿಂದ ಎಣ್ಣೆ ತೆಗೆಯುತ್ತಾರೆ. ಒಣಗಿಸಿ ಕೋಳಿಗೂ ಮೀನಿಗೂ ಆಹಾರ ಮಾಡುತ್ತಾರೆ. ಒಣಗಿದ ಕೋಶದಲ್ಲಿ ಅರ್ಧದಷ್ಟು ಪ್ರೋಟೀನೇ ಇರುತ್ತದೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಕೋಶವನ್ನು ಜನರೇ ರುಚಿಯಾಗಿ ಉಣ್ಣುತ್ತಾರೆ. ಕೊರಿಯಾ ದೇಶದಲ್ಲಿ ರೇಷ್ಮೆಹುಳುವಿನ ಕೋಶವನ್ನು ಬೇಯಿಸಿ ಬೀದಿಯಲ್ಲಿ ಮಾರುತ್ತಾರೆ. ಹುಳುವನ್ನು ಸಾಕಿ ಇನ್ನೊಂದು ಜೀವಕ್ಕೆ ಆಹಾರವಾಗಿ ಕೊಡುವುದು, ಹೀಗೆ ನೋಡಿದರೆ, ನಮಗೆ ಹೊಸದಲ್ಲ. ನಾವು ಅದನ್ನು ಗಮನಿಸದೆ ಇದ್ದೇವೆ, ಅಷ್ಟೆ.

ಈಗ ನಮ್ಮ ಕಥಾನಾಯಕನ ಪ್ರವೇಶ. ಇಂಗ್ಲಿಷಿನಲ್ಲಿ ಮೀಲ್‌ವರ್ಮ್ ಎಂದು ಹೆಸರಾದ ಈ ಜೀವಿ ಹಿಟ್ಟಿನ ಹುಳು. ವಿಜ್ಞಾನಿಗಳು ಇಟ್ಟ ಹೆಸರು ಟೆನೆಬ್ರಿಯೊ ಮೊಲಿಟರ್. ಲ್ಯಾಟಿನ್ ಭಾಷೆಯಲ್ಲಿ ಮೊದಲ ಪದಕ್ಕೆ ಕತ್ತಲೆಯನ್ನು ಅರಸುವವನೆಂದೂ ಎರಡನೆಯದಕ್ಕೆ ಹಿಟ್ಟಿನ ಗಿರಣಿಯವನೆಂದೂ ಅರ್ಥ. 1758ರಲ್ಲಿ ಲಿನೇಯಸ್ ಮಹಾಶಯನು ಮಾಡಿದ ಈ ನಾಮಕರಣ ಬಹಳ ಉಚಿತವಾಗಿದೆ. ನಮ್ಮ ಡಬ್ಬಿಗಳಲ್ಲಿ ಕಾಣುವ ಸಣ್ಣ ಕಂದು ಹುಳುವಿನ ದೂರದ ಬಂಧುವಾದರೂ ಇದು ಅದಕ್ಕಿಂತ ಬಹಳ ದೊಡ್ಡದು. ಬೆಳೆದಾಗ ಒಂದಂಗುಲಕ್ಕೂ ಮಿಗಿಲಾಗಿ, ಹೊಂಬಣ್ಣದಿಂದ ಹೊಳೆಯುತ್ತದೆ. ಆಮೇಲೆ ಬಿಳಿಯ ಕೋಶವಾಗಿ, ಕೋಶದಿಂದ ಕಪ್ಪು ದುಂಬಿಯಾಗಿ ಹೊರಬರುತ್ತದೆ. ಹೆಣ್ಣು ದುಂಬಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಸಾಕುಪ್ರಾಣಿಗಳಿಗಾಗಿ ಬೆಳೆಸುವುದು ದೊಡ್ಡ ಉದ್ಯಮ. 2021ರಲ್ಲಿ ಯೂರೋಪ್ ಒಕ್ಕೂಟವು ಒಣಗಿಸಿದ ಹಿಟ್ಟಿನ ಹುಳುವನ್ನು ಮನುಷ್ಯರ ಆಹಾರವಾಗಿಯೂ ಮಾರಬಹುದೆಂದು ಅನುಮತಿ ನೀಡಿತು.

ನಮ್ಮ ಮನೆಗೆ ಈ ಹುಳು ಬಂದದ್ದು ಒಬ್ಬ ವಿದ್ಯಾರ್ಥಿಯ ಮೂಲಕ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯ ಹುಡುಗ. ಮನೆಯವರದು ಹುಳು ಸಾಕಣೆ. ಜಾಣನಾದರೂ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮುದುಡಿ ಕುಳಿತುಕೊಳ್ಳುತ್ತಿದ್ದ. ಕಾರಣ ತಿಳಿಯಲು ತಡವಾಯಿತು. ಹಾಸ್ಟೆಲಿನ ಗೆಳೆಯರು ಅವನ ಬಟ್ಟೆಗೆ ಹುಳುವಿನ ಮನೆಯ ವಾಸನೆ ಎಂದು ಹಾಸ್ಯ ಮಾಡುತ್ತಿದ್ದರಂತೆ. ಹಾಸ್ಯ ಮಾಡುವವರ ಮನೆಯಲ್ಲಿ ರೇಷ್ಮೆಸೀರೆಗಳ ಬೀರು ಇದ್ದೇ ಇರುತ್ತದೆಂಬುದು ಆ ಹುಡುಗನಿಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಎಂಟು ವರ್ಷದ ಮಗಳ ಹಟಕ್ಕೆ ತಂದ ಆಸ್ಕರ್ ಎಂಬ ಮೀನೊಂದಿದೆ. ದಕ್ಷಿಣ ಅಮೆರಿಕದ ನದಿಗಳ ಈ ಮೀನು ಮಹಾ ಮಾಂಸಾಹಾರಿ. ಮನೆಯವರ ಗುರುತು ಹಿಡಿದು ಗಾಜಿನ ಬಳಿಗೆ ಓಡಿಬರುತ್ತದೆ. ಕಾಳಿನಂಥ ಸಿದ್ಧ ಆಹಾರವನ್ನು ಅದು ಉಗುಳತೊಡಗಿದಾಗ ಮಗಳ ಕಣ್ಣಲ್ಲಿ ನೀರು. ಪುಸ್ತಕ ಕೇಳಲು ಬಂದಿದ್ದ ಹುಡುಗ ಅದನ್ನು ನೋಡಿ, “ಹುಳ ಸಾಕೋದು ನಂಗೆ ಬಿಟ್ಬಿಡಿ ಸಾರ್” ಎಂದ. ಅವನು ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಅವನು ಮಾಡಿಕೊಟ್ಟ ವ್ಯವಸ್ಥೆಯನ್ನು ಆಸಕ್ತರ ಅನುಕೂಲಕ್ಕಾಗಿ ಹೇಳುತ್ತೇನೆ. ನುಣುಪಾದ ಗೋಡೆಯ ಮೂರು ಪ್ಲಾಸ್ಟಿಕ್ ಡಬ್ಬಿಗಳು ಬೇಕು: ಹುಳುವಿಗೊಂದು, ಕೋಶಕ್ಕೊಂದು, ದುಂಬಿಗೊಂದು. ಮುಚ್ಚಳದಲ್ಲಿ ಕಿಂಡಿ ಕೊರೆದು ಸಣ್ಣ ಕಣ್ಣಿನ ಬಲೆ ಅಂಟಿಸಬೇಕು. ತಳದಲ್ಲಿ ಎರಡು ಅಂಗುಲದಷ್ಟು ಗೋಧಿ ಬೂಸಾ. ಹಾಲಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಹಸುವಿನ ಬೂಸಾ ಮಾರುವ ಅಂಗಡಿಗೆ ಬರವಿಲ್ಲ. ಇದೇ ಹಾಸಿಗೆ, ಇದೇ ಊಟ. ನೀರನ್ನು ಬಟ್ಟಲಿನಲ್ಲಿಡಬಾರದು, ಬೂಸಾ ಬೂಷ್ಟು ಹಿಡಿದು ಎಲ್ಲವೂ ಹಾಳಾಗುತ್ತದೆ. ತೊಳೆದು ಸಿಪ್ಪೆ ಹೆರೆದ ಗಜ್ಜರಿ ಅಥವಾ ಆಲೂಗಡ್ಡೆಯ ಬಿಲ್ಲೆಯಿಂದಲೇ ಅದಕ್ಕೆ ನೀರು ದೊರೆಯುತ್ತದೆ. ಒಂದೆರಡು ದಿನಕ್ಕೊಮ್ಮೆ ಹಳೆಯ ಬಿಲ್ಲೆ ತೆಗೆದು ಹೊಸದನ್ನಿಡಬೇಕು. ಔಷಧಿ ಹೊಡೆದ ತರಕಾರಿಯಾಗಲಿ, ಕೀಟನಾಶಕ ಬೆರೆತ ಬೂಸಾವಾಗಲಿ ಹುಳುವಿಗೆ ಮೃತ್ಯು.

ಕೋಶಗಳನ್ನು ಆರಿಸಿ ಬೇರೆ ಇಡದಿದ್ದರೆ ಹಸಿದ ಹುಳುಗಳು ಅವನ್ನು ಕಡಿಯುತ್ತವೆ. ದುಂಬಿಗಳು ತಮ್ಮ ಮೊಟ್ಟೆಯನ್ನು ತಾವೇ ತಿನ್ನುವ ನಿರ್ದಯಿಗಳು. ಆದ್ದರಿಂದ ಎರಡು ಮೂರು ವಾರಕ್ಕೊಮ್ಮೆ ಅವುಗಳನ್ನು ಹೊಸ ಡಬ್ಬಿಗೆ ಸಾಗಿಸಿ, ಮೊಟ್ಟೆಯುಳ್ಳ ಹಳೆಯ ಬೂಸಾವನ್ನು ಹಾಗೆಯೇ ಬಿಡಬೇಕು. ಕಣ್ಣಿಗೆ ಕಾಣದ ಮೊಟ್ಟೆ ಒಂದೆರಡು ವಾರಗಳಲ್ಲಿ ಒಡೆಯುತ್ತದೆ. ನಮ್ಮ ಹವೆಯಲ್ಲಿ ಎರಡು ಮೂರು ತಿಂಗಳಲ್ಲಿ ಹುಳು ಪುಷ್ಟವಾಗುತ್ತದೆ. ಬೇಕಾದುದಕ್ಕಿಂತ ಹೆಚ್ಚಾದರೆ, ಮನೆಯೊಡತಿಯ ಒಪ್ಪಿಗೆ ದೊರೆಯುವುದಾದರೆ, ರೆಫ್ರಿಜರೇಟರಿನ ಕೆಳಗಿನ ಅಂಕಣದಲ್ಲಿ ಮುಚ್ಚಿಟ್ಟರೆ ಕೆಲವು ವಾರ ನಿದ್ದೆಯಲ್ಲಿರುತ್ತದೆ. ತಳದಲ್ಲಿ ಉಳಿಯುವ ಹಿಕ್ಕೆಯ ಪುಡಿ ಹೂಕುಂಡಕ್ಕೆ ಒಳ್ಳೆಯ ಗೊಬ್ಬರ.

ಹುಳು ಬಂದ ಮೊದಲ ವಾರವೇ ಇರುವೆಗಳ ದಂಡಯಾತ್ರೆಯಾಯಿತು. ಅದಕ್ಕೆ ಪರಿಹಾರ ಹೇಳಿದವರು ನಮ್ಮ ತಾಯಿಯವರು. ಅವರ ತವರು ಮುಳಬಾಗಿಲು ತಾಲ್ಲೂಕು. ಮೊದಮೊದಲು ಆ ಮೂಲೆಯ ಕಡೆ ತಿರುಗಿಯೂ ನೋಡದಿದ್ದ ಅವರು, ಹುಡುಗ ಇರುವೆಯ ಪುಡಿ ತರುತ್ತೇನೆಂದಾಗ ತಡೆದು, “ಏನಪ್ಪಾ, ಹುಳದ ಮನೇಲಿ ಹುಟ್ಟಿ ವಿಷದ ಪುಡಿ ಅಂತೀಯಲ್ಲ! ತಟ್ಟೆ ಸ್ಟ್ಯಾಂಡಿನ ಕಾಲಿಗೆ ಏನು ಮಾಡ್ತಾರೆ ನಿಮ್ಮಲ್ಲಿ?” ಎಂದರು. ಹುಡುಗ ನಕ್ಕು ನಾಲ್ಕು ಬಟ್ಟಲಲ್ಲಿ ನೀರು ತುಂಬಿ, ಡಬ್ಬಿಗಳಿದ್ದ ಸ್ಟೂಲಿನ ಕಾಲುಗಳನ್ನು ಅವುಗಳಲ್ಲಿ ಇಳಿಸಿದ. ಅಂದಿನಿಂದ ಅಜ್ಜಿಗೂ ಅವನಿಗೂ ಸೊಪ್ಪು, ಜ್ವರ, ಗೂಡಿನ ದರ ಇವುಗಳ ವಿಷಯವಾಗಿ ಮಾತು ಮುಗಿಯುವುದೇ ಇಲ್ಲ.

ಕೆಲವು ಎಚ್ಚರಿಕೆಗಳು ಅಗತ್ಯ. ಈ ಹುಳುವಿನಲ್ಲಿ ಕೊಬ್ಬು ಹೆಚ್ಚು, ರಂಜಕಕ್ಕೆ ಹೋಲಿಸಿದರೆ ಸುಣ್ಣದ ಅಂಶ ಬಹಳ ಕಡಿಮೆ. ಆದುದರಿಂದ ಇದು ಮೀನಿಗಾಗಲಿ ಹಕ್ಕಿಗಾಗಲಿ ದಿನದ ಊಟವಲ್ಲ, ಹಬ್ಬದೂಟ. ವಾರದಲ್ಲಿ ಎರಡು ಮೂರು ಸಲ ನಾಲ್ಕಾರು ಹುಳು ಸಾಕು. ಹಿತ್ತಿಲ ಕೋಳಿ ಇದಕ್ಕಾಗಿ ಹಾರಿಬರುತ್ತದೆ. ಮರಿಯಿರುವ ಫಿಂಚ್ ಹಕ್ಕಿಗೆ ಸಣ್ಣ ಹುಳುಗಳನ್ನು ಕೊಡಬಹುದು. ಸೀಗಡಿ ಅಥವಾ ಧೂಳು ಒಗ್ಗದವರಿಗೆ ಈ ಹುಳುವಿನ ಪುಡಿಯಿಂದ ಸೀನು, ತುರಿಕೆ ಬರುವ ಸಂಭವವುಂಟು. ದುಂಬಿಯನ್ನು ಹೊರಗೆ ಬಿಡಬೇಡಿ. ಅದು ಉಗ್ರಾಣದ ಶತ್ರು. ರಾಗಿಯ ಚೀಲ ಒಂದು ಕೋಣೆಯಲ್ಲಿದ್ದರೆ ಹುಳುವಿನ ಡಬ್ಬಿ ಇನ್ನೊಂದರಲ್ಲಿರಲಿ. ಇನ್ನೊಂದು ಮಾತು: ಗಿಣಿ, ಗೊರವಂಕ ಮೊದಲಾದ ನಮ್ಮ ನಾಡಿನ ಹಕ್ಕಿಗಳನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅವುಗಳ ಊಟದ ಚಿಂತೆ ನಮಗೆ ಬೇಡ. ಅವು ತಮ್ಮ ಪಾಡಿಗೆ ಕಾಡಿನಲ್ಲಿರಲಿ.

ಒಂದು ಸಂಜೆ ಮಗಳು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು, “ಅಜ್ಜಿ, ನಾವೇ ಸಾಕಿ ನಾವೇ ಮೀನಿಗೆ ಹಾಕೋದು ಪಾಪ ಅಲ್ವಾ?” ಎಂದು ಕೇಳಿದಳು. ಇಂಥ ಪ್ರಶ್ನೆಗೆ ಕಾಲೇಜಿನ ಉಪನ್ಯಾಸಕರಲ್ಲಿ ದೊಡ್ಡ ದೊಡ್ಡ ಉತ್ತರಗಳಿರುತ್ತವೆ, ನಾನು ಬಾಯಿ ತೆರೆಯುವಷ್ಟರಲ್ಲಿ ತಾಯಿಯವರೇ ಹೇಳಿದರು: “ಪಾಪ ಅಲ್ಲ ಅಂತ ಹೇಳೋಕೆ ನಾನ್ಯಾರು ಮಗಾ? ಗೂಡು ಮಾರುಕಟ್ಟೆಗೆ ಹೋಗೋ ದಿನ ನಮ್ಮಮ್ಮ ಖಾಲಿ ಚಂದ್ರಿಕೆಗೆ ಕೈ ಮುಗೀತಿದ್ಲು. ಅವು ಇರೋವರೆಗೂ ಹಸಿವು ಅಂತ ಇರಬಾರದು, ಗಲೀಜಿನಲ್ಲಿ ಇರಬಾರದು. ಅಷ್ಟು ನಮ್ಮ ಕೈಲಿದೆ.”

ಇದಕ್ಕಿಂತ ಹೆಚ್ಚಿನ ಸಮಾಧಾನ ನನಗೂ ಗೊತ್ತಿಲ್ಲ. ಅಂಗಡಿಯಲ್ಲಿ ದೊರೆಯುವ ಮೀನಿನ ಆಹಾರದ ಪೊಟ್ಟಣದಲ್ಲೂ ಮೀನಿನ ಹಿಟ್ಟಿದೆ, ಸೀಗಡಿಯಿದೆ. ಅಲ್ಲಿಯೂ ಜೀವ ಹೋಗಿದೆ, ನಮಗೆ ಕಾಣುವುದಿಲ್ಲ. ಡಬ್ಬಿಯಲ್ಲಿ ಸಾಕಿದ ಹುಳು ಕಾಣುತ್ತದೆ. ಕಾಣುವುದರಿಂದಲೇ ಮಗು ಪ್ರಶ್ನೆ ಕೇಳುತ್ತದೆ, ಮಿತವಾಗಿ ಹಾಕಲು ಕಲಿಯುತ್ತದೆ. ಹುಳುವನ್ನು ಮುಟ್ಟಿದ ಕೈ ಹುಳು ಸಾಕುವವರ ಕೈಯನ್ನು ಕೀಳೆಂದು ಎಣಿಸಲಾರದು. ನನಗೆ ಈ ಡಬ್ಬಿಗಳ ಮೇಲೆ ಅಭಿಮಾನ ಹುಟ್ಟಿರುವುದು ಇದರಿಂದಲೇ.

ಆ ಹುಡುಗ ಈಚೆಗೆ ಮೂರನೆಯ ಬೆಂಚಿಗೆ ಬಂದಿದ್ದಾನೆ. ಹಾಸ್ಟೆಲಿನಲ್ಲಿ ಮೀನು ಸಾಕುವ ಇಬ್ಬರು ಗೆಳೆಯರಿಗೆ ಹುಳು ಒದಗಿಸುತ್ತಿದ್ದಾನಂತೆ. ದರದ ವಿಷಯದಲ್ಲಿ ಚೌಕಾಸಿಗೆ ಅವಕಾಶವಿಲ್ಲವಂತೆ. ಕಳೆದ ತಿಂಗಳು ಮೂರು ದಿನ ರಜೆ ಬೇಕೆಂದು ಅರ್ಜಿ ತಂದಿದ್ದ. ಬೇರೆ ಹುಡುಗರಂತೆ ಹೊಟ್ಟೆನೋವೆಂದು ಬರೆದಿರಲಿಲ್ಲ. “ಮನೆಯಲ್ಲಿ ಹುಳು ಹಣ್ಣಾಗಿವೆ, ಚಂದ್ರಿಕೆಗೆ ಬಿಡಬೇಕು” ಎಂದು ದುಂಡಾದ ಅಕ್ಷರಗಳಲ್ಲಿ ಬರೆದು ಕೆಳಗೆ ಸಹಿ ಮಾಡಿದ್ದ. ನಾನು ಕೂಡಲೇ ಒಪ್ಪಿಗೆ ಬರೆದುಕೊಟ್ಟೆ.