ಆರ್ಮ್‌ಸ್ಟ್ರಾಂಗ್ ಮಹಾಶಯರ ಸ್ಮರಣೆ

ಚಂದ್ರಲೋಕದಲ್ಲಿ ಮೊತ್ತಮೊದಲು ಕಾಲಿರಿಸಿದ ನೀಲ್ ಆರ್ಮ್‌ಸ್ಟ್ರಾಂಗ್ ಮಹಾಶಯರು 2012ನೆಯ ಇಸವಿ ಆಗಸ್ಟ್ 25ನೆಯ ತಾರೀಖಿನಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಕೀರ್ತಿಶೇಷರಾದರು. ಆ ದಿನವು ಬಂದಾಗಲೆಲ್ಲ ಅವರ ಒಂದು ವಾಕ್ಯವನ್ನು ಉದ್ಧರಿಸಿ ಸುಮ್ಮನಾಗುವ ರೂಢಿ ಬಿದ್ದುಹೋಗಿದೆ. ವಾಕ್ಯಕ್ಕಿಂತಲೂ ಅವರ ಸ್ಥೈರ್ಯವು ಹೆಚ್ಚು ಸ್ಮರಣಾರ್ಹವೆಂದು ನಮ್ಮ ಅಭಿಪ್ರಾಯ.

1966ರ ಮಾರ್ಚ್ ತಿಂಗಳಲ್ಲಿ ಅವರೂ ಡೇವಿಡ್ ಸ್ಕಾಟರೂ ಜೆಮಿನಿ 8 ನೌಕೆಯಲ್ಲಿ ಹೋಗಿ, ಅಂತರಿಕ್ಷದಲ್ಲಿ ಎರಡು ನೌಕೆಗಳನ್ನು ಪ್ರಥಮತಃ ಜೋಡಿಸಿದರು. ಕೆಲಹೊತ್ತಿನಲ್ಲಿಯೇ ಒಂದು ಯಂತ್ರವು ಕೆಟ್ಟು, ನೌಕೆಯು ಸೆಕೆಂಡಿಗೊಂದು ಸುತ್ತಿನಂತೆ ಬುಗುರಿಯಾಗಿ ತಿರುಗಹತ್ತಿತು. ಸ್ವಲ್ಪ ತಡವಾಗಿದ್ದರೂ ಇಬ್ಬರ ಪ್ರಜ್ಞೆಯೂ ತಪ್ಪುತ್ತಿದ್ದಿತು. ಭೂಮಿಗೆ ಮರಳುವಾಗ ಬೇಕೆಂದು ಕಾದಿರಿಸಿದ್ದ ಬೇರೆ ಯಂತ್ರಗಳನ್ನು ಚಾಲನೆಗೊಳಿಸಿ ನೌಕೆಯನ್ನು ಹತೋಟಿಗೆ ತಂದವರು ಆರ್ಮ್‌ಸ್ಟ್ರಾಂಗರು. 1969ರ ಜುಲೈ 20ರಂದು ಚಂದ್ರನ ಮೇಲೆ ಇಳಿಯುವಾಗಲೂ ಹೀಗೆಯೇ. ಗಣಕಯಂತ್ರವು ಅಪಾಯಸೂಚನೆ ಕೊಡುತ್ತಿದ್ದಿತು. ಅದು ಕರೆದೊಯ್ಯುತ್ತಿದ್ದ ಜಾಗದಲ್ಲಿ ಬಂಡೆಗಳ ರಾಶಿ. ಅವರು ಹಿಡಿಕೆಯನ್ನು ತಮ್ಮ ಕೈಗೆ ತೆಗೆದುಕೊಂಡು, ಬಂಡೆಗಳನ್ನು ದಾಟಿ, ಇಂಧನವು ಒಂದು ನಿಮಿಷಕ್ಕೂ ಸಾಲದಷ್ಟು ಉಳಿದಿರುವಾಗ ನೌಕೆಯನ್ನಿಳಿಸಿದರು. ಇಂಥವರು ಬಳಿಕ ರಾಜಕಾರಣಕ್ಕೆ ಇಳಿಯದೆ, ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಎಂಟು ವರುಷ ಪಾಠ ಹೇಳಿಕೊಂಡಿದ್ದರು!

ಆದರೆ ಆ ಸಾಹಸಕ್ಕೆ ಹಣವನ್ನೊದಗಿಸಿದ್ದು ವಿಜ್ಞಾನಪ್ರೇಮವೊಂದೇ ಅಲ್ಲ, ರಶಿಯದೊಡನೆ ಹೂಡಿದ್ದ ಪಂತ. ಪಂತ ಗೆಲ್ಲುವ ಚಿಹ್ನೆ ಕಂಡೊಡನೆಯೇ ಬೊಕ್ಕಸದವರು ಕೈ ಬಿಗಿಹಿಡಿದರು. ಮೂರು ಯಾತ್ರೆಗಳು ರದ್ದಾದವು. 12 ಮಂದಿ ನಡೆದಾಡಿದ ಮೇಲೆ, 1972ರ ಡಿಸೆಂಬರಿನಿಂದಾಚೆಗೆ, ದಶಕಗಳವರೆಗೆ ಅಲ್ಲಿ ಮನುಷ್ಯನ ಹೆಜ್ಜೆ ಬೀಳಲಿಲ್ಲ. ಚಂದ್ರನಿಗೆ ಮರಳಿ ಹೋಗುವ ಯೋಜನೆಯನ್ನು ಕೈಬಿಡಬಾರದೆಂದು ಮಿತಭಾಷಿಗಳಾದ ಆರ್ಮ್‌ಸ್ಟ್ರಾಂಗರೇ 2010ರಲ್ಲಿ ಅಮೆರಿಕಾದ ಸೆನೆಟ್ ಸಮಿತಿಯ ಮುಂದೆ ವಾದಿಸಬೇಕಾಯಿತು.

ಇದು ನಮಗೂ ಸಂಬಂಧಿಸಿದ ಮಾತು. 2019ರಲ್ಲಿ ಚಂದ್ರಯಾನ 2ರ ನೌಕೆಯು ಇಳಿಯುವಾಗ ಒಡೆದುಹೋಯಿತು. ಬಡದೇಶಕ್ಕೆ ಈ ದುಂದು ಏಕೆಂದು ಕೇಳುವವರುಂಟು, ಪ್ರಶ್ನೆಯು ಅನುಚಿತವಲ್ಲ. ಆದರೂ ಸರಕಾರವು ಕೆಲಸ ನಿಲ್ಲಿಸಲಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ 3 ದಕ್ಷಿಣಧ್ರುವದ ಸಮೀಪದಲ್ಲಿ ಕ್ಷೇಮವಾಗಿ ಇಳಿಯಿತು. ಅದನ್ನು ನಡೆಯಿಸಿದ ಕೇಂದ್ರವು ನಮ್ಮ ಬೆಂಗಳೂರಿನದೇ. 2040ರೊಳಗೆ ಭಾರತೀಯನೊಬ್ಬನನ್ನು ಚಂದ್ರನಿಗೆ ಕಳುಹಿಸುವ ಗುರಿಯನ್ನೂ ಸರಕಾರವು ಸಾರಿದೆ. ಅನ್ನ ವಿದ್ಯೆಗಳ ಹಣವನ್ನು ಇದಕ್ಕೆ ತಿರುಗಿಸಿರೆಂದು ನಾವು ಹೇಳಲಾರೆವು. ಅನ್ಯರನ್ನು ಮೀರಿಸುವ ಹುಮ್ಮಸ್ಸಿನಲ್ಲಿ ಕೋಟಿಗಳನ್ನು ಸುರಿದು, ಗೆದ್ದಮೇಲೆ ಕೆಲಸಗಾರರನ್ನು ಚದುರಿಸುವುದಂತೂ ಕೂಡದು. ಪ್ರತಿವರ್ಷವೂ ಗೊತ್ತಾದ ಮೊಬಲಗನ್ನೂ, ಸೋತ ಪ್ರಯೋಗಗಳಿಗೆ ತಾಳ್ಮೆಯನ್ನೂ ಪಾರ್ಲಿಮೆಂಟು ಕೊಡುವುದಾದರೆ, ಗುರಿಯ ಇಸವಿಯು ನಾಲ್ಕಾರು ವರುಷ ಮುಂದಕ್ಕೆ ಹೋದರೂ ನಾವು ಗೊಣಗಲಾರೆವು.