ಗ್ರೂಪು ಒಂದೇ ಆದ್ರೆ ಸಾಕೇ ಸ್ವಾಮಿ?

ದೊಡ್ಡಾಸ್ಪತ್ರೆಯ ರಕ್ತನಿಧಿ ಕಿಟಕಿ ಮುಂದೆ ದಿನಾ ಒಂದೇ ರಗಳೆ. "ಪೇಷೆಂಟು ಒದ್ದಾಡ್ತಿದ್ದಾರೆ, ಫ್ರಿಜ್ಜಿನಲ್ಲಿ ರಕ್ತ ಇದೆ, ಗ್ರೂಪೂ ಗೊತ್ತು. ಕೊಡೋಕೇನ್ರೀ ಧಾಡಿ?" ಎಂದು ಬಂಧುಗಳ ಕೂಗಾಟ. "ಕ್ರಾಸ್ ಮ್ಯಾಚ್ ಆಗ್ಬೇಕು, ಒಂದು ಗಂಟೆ ತಡೀರಿ" ಎಂದು ಟೆಕ್ನಿಶಿಯನ್ ಕಿಟಕಿ ಎಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ಯಾರೋ ಒಬ್ಬರು ಶಾಸಕರಿಗೆ ಫೋನು ಹಚ್ಚಿರುತ್ತಾರೆ!

ಈ ಜಗಳದಲ್ಲಿ ಟೆಕ್ನಿಶಿಯನ್ನೇ ಸರಿ. ಕಿಟಕಿ ಎಳೆದುಕೊಂಡದ್ದು ಮಾತ್ರ ತಪ್ಪು.

ಎ, ಬಿ, ಎಬಿ, ಓ ಎಂಬುದು ರಕ್ತದ ಮೇಲುಮೇಲಿನ ಲೆಕ್ಕ. ಅದರೊಳಗೆ ಒಳಭೇದಗಳು ಬಹಳ. ಹಿಂದೆ ರಕ್ತ ಹಾಕಿಸಿಕೊಂಡವರ, ಮಕ್ಕಳನ್ನು ಹೆತ್ತ ತಾಯಂದಿರ ಮೈಯಲ್ಲಿ ಪರರ ರಕ್ತಕ್ಕೆ ವಿರೋಧ ಹುಟ್ಟಿಕೊಂಡಿರಬಹುದು. ಅದಕ್ಕೇ ರೋಗಿಯ ರಕ್ತದ ತಿಳಿಯನ್ನು ದಾನಿಯ ಕೆಂಪುಕಣಗಳ ಜತೆ ಬೆರೆಸಿ, 37 ಡಿಗ್ರಿ ಬಿಸಿಯಲ್ಲಿಟ್ಟು ನೋಡುವುದು. ಗಂಟುಗಟ್ಟಿತೋ, ಆ ರಕ್ತ ಬೇಡ. ನೋಡದೆ ಏರಿಸಿದರೆ ಕಣಗಳು ಮೈಯೊಳಗೇ ಒಡೆದು ಕಿಡ್ನಿ ಕೆಟ್ಟೀತು, ಪ್ರಾಣವೂ ಹೋದೀತು.

1952ರಲ್ಲಿ ಮುಂಬಯಿಯ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು 'ಬಾಂಬೆ ಗ್ರೂಪ್' ಪತ್ತೆಹಚ್ಚಿದರು. ಭಾರತದಲ್ಲಿ ಸುಮಾರು 10,000 ಜನಕ್ಕೊಬ್ಬರು ಹೀಗಿದ್ದಾರೆಂದು ಅಂದಾಜು. ಮಾಮೂಲಿ ಟೆಸ್ಟಿಗೆ ಇವರದು ಓ ಎಂದೇ ಕಾಣಬಹುದು. ಆದರೆ ಎಲ್ಲರಿಗೂ ಆಗುತ್ತದೆನ್ನುವ ಆ ಓ ರಕ್ತವೇ ಇವರಿಗೆ ವಿಷ. ಬಾಂಬೆ ಗ್ರೂಪಿನವರದೇ ರಕ್ತ ಬೇಕು. ಇಂಥದ್ದು ಸಿಕ್ಕಿಬೀಳುವುದು ಕ್ರಾಸ್ ಮ್ಯಾಚಿನಲ್ಲೇ. ಜೇಬಿನ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಏನು ಬಂತು? ಕಿಡ್ನಿ ಕಸಿಗೂ ಅಷ್ಟೆ, ಒಡಹುಟ್ಟಿದವರು ಕೊಟ್ಟರೂ ಕ್ರಾಸ್ ಮ್ಯಾಚ್ ನೋಡಲೇಬೇಕು.

ಗಲಾಟೆ ಮಾಡಬೇಕಾದ ಜಾಗ ಬೇರೆ ಇದೆ. ವಾರ್ಡಿನಲ್ಲಿ ಮೂವರು ಲಕ್ಷ್ಮಮ್ಮ ಇದ್ದು, ಒಬ್ಬಳ ರಕ್ತದ ಟ್ಯೂಬಿಗೆ ಇನ್ನೊಬ್ಬಳ ಚೀಟಿ ಅಂಟಿಸಿದರೆ ಯಾವ ಟೆಸ್ಟೂ ಕಾಪಾಡದು. ಸ್ಯಾಂಪಲ್ ತೆಗೆಯುವಾಗ, ರಕ್ತ ಏರಿಸುವಾಗ ಹೆಸರು ಮತ್ತು ಆಸ್ಪತ್ರೆ ನಂಬರು ಎರಡನ್ನೂ ಕೇಳಿದರೋ ಇಲ್ಲವೋ, ಬಂಧುಗಳು ಅಲ್ಲಿ ಕಣ್ಣಿಡಲಿ.

ರಕ್ತ ಸುರಿದುಹೋಗುತ್ತಿದ್ದರೆ ವೈದ್ಯರೇ ಬರೆದುಕೊಟ್ಟು, ಪರೀಕ್ಷೆ ಮುಗಿಯುವ ಮೊದಲೇ ತರಿಸುವ ದಾರಿಯೂ ಇದೆ. ಅದನ್ನು ತೀರ್ಮಾನಿಸುವವರು ವೈದ್ಯರು, ಶಾಸಕರಲ್ಲ.

ಆಸ್ಪತ್ರೆಯವರಿಗೂ ಒಂದು ಮಾತು. "ರಕ್ತ ಹೊಂದುತ್ತಾ ನೋಡ್ತಿದ್ದೀವಿ, ಇಷ್ಟು ಹೊತ್ತಿಗೆ ಸಿಗುತ್ತೆ" ಎಂದು ಕನ್ನಡದಲ್ಲೊಂದು ಬೋರ್ಡು ನೇತುಹಾಕಲು ಎಷ್ಟು ಖರ್ಚಾದೀತು? ಜತೆಗೆ, ಕಾಯುವವರಿಗೆ ಒಂದು ಬೆಂಚೂ ಇರಲಿ.